ಬೆಳ್ಳಿಯ ನಾಣ್ಯಗಳೂ ಬಚ್ಚಿಟ್ಟ ಸಂಖ್ಯೆಯೂ

ಸರ್ಕಾರದ ಟಂಕಸಾಲೆಗಳಿಂದ ಸ್ಮಾರಕಾರ್ಥವಾಗಿ ಹೊರಡುವ ಬೆಳ್ಳಿಯ ನಾಣ್ಯಗಳ ಪೆಟ್ಟಿಗೆಗಳನ್ನು ಕೊಂಡಿಡುವುದು ಲಾಭದಾಯಕವೋ ಅಲ್ಲವೋ ಎಂದು ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ಕಡೆಯ ವಾಚಕರು ಕೆಲವರು ನಮ್ಮನ್ನು ಕೇಳಿದ್ದಾರೆ. ಮಾವಿನ ಸುಗ್ಗಿ ತೀರಿ ಕೈಯಲ್ಲಿ ನಾಲ್ಕು ಕಾಸು ನಿಂತ ಕಾಲದಲ್ಲಿ ಇಂಥ ಪ್ರಶ್ನೆ ಏಳುವುದು ಸಹಜವೇ ಸರಿ. ಹಿಂದೆ ಆ ಸೀಮೆಯ ರೈತನು ಉಳಿದ ಹಣವನ್ನು ಮನೆಯಾಕೆಯ ಕಾಲ್ಗಡಗವಾಗಿಯೋ ಡಾಬಾಗಿಯೋ ಮಾಡಿಸಿಡುತ್ತಿದ್ದನು. ಈಗಲಾದರೋ ಮೊಬೈಲಿನಲ್ಲಿ ಹೊಳೆಯುವ ನಾಣ್ಯದ ಚಿತ್ರವೊಂದು ಬರುತ್ತದೆ. ಅದರ ಕೆಳಗೆ 'ಪರಿಮಿತ ಸಂಖ್ಯೆ, ಕೂಡಲೇ ಕೊಳ್ಳಿರಿ' ಎಂಬ ಒಕ್ಕಣೆ ಇರುತ್ತದೆ. 2025ರಲ್ಲಿ ಬೆಳ್ಳಿಯ ಧಾರಣೆಯು ಕಿಲೋವಿಗೆ ಒಂದೂವರೆ ಲಕ್ಷ ರೂಪಾಯಿಗಳನ್ನು ದಾಟಿದ ಮೇಲಂತೂ ಈ ಒಕ್ಕಣೆಗೆ ಮರುಳಾಗುವವರು ಹೆಚ್ಚಿದ್ದಾರೆ. ಆದುದರಿಂದ ಇದು ಕೆಲವು ಹವ್ಯಾಸಿಗಳ ವಿನೋದವೆಂದು ತಳ್ಳಿಬಿಡತಕ್ಕ ವಿಷಯವಲ್ಲ. ಸಂಸಾರವಂದಿಗರ ಉಳಿತಾಯಕ್ಕೆ ಸಂಬಂಧಪಟ್ಟದ್ದು.

ಬೆಳ್ಳಿಯ ರೂಪಾಯಿ ನಮ್ಮ ಜನಕ್ಕೆ ಹೊಸದಲ್ಲ. ಹಳೆಯ ರೂಪಾಯಿಯ ತೂಕವೇ ಒಂದು ತೊಲ. 24 ರೂಪಾಯಿ ತೂಕವೇ ಮೈಸೂರು ಸೀಮೆಯ ಕಚ್ಚಾ ಸೇರು. ಸಂತೆಯಲ್ಲಿ ಬೆಲ್ಲವನ್ನೂ ಹುಣಿಸೆಹಣ್ಣನ್ನೂ ತೂಗಿದ್ದು ಈ ಲೆಕ್ಕದಲ್ಲಿಯೇ. ಆ ರೂಪಾಯಿಯ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು. ಯುದ್ಧ ಬಂದಾಗ, 1940ರಲ್ಲಿ, ಆಂಗ್ಲ ಸರ್ಕಾರದವರು ಅದನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬೆಳ್ಳಿಯನ್ನು ಪೂರ್ತಿಯಾಗಿ ತೆಗೆದು ನಿಕಲ್ ಲೋಹದ ರೂಪಾಯಿಯನ್ನು ಪ್ರಜೆಗಳ ಕೈಗಿತ್ತರು. ಸ್ವತಂತ್ರ ಭಾರತದಲ್ಲಿ ಬೆಳ್ಳಿಯು ಸ್ಮಾರಕ ನಾಣ್ಯದ ರೂಪದಲ್ಲಿ ಮಾತ್ರ ಮರಳಿ ಬಂದಿತು. 1969ರಲ್ಲಿ ಮಹಾತ್ಮರ ಜನ್ಮಶತಾಬ್ದಿಗೆ ಹೊರಟ ಹತ್ತು ರೂಪಾಯಿ ನಾಣ್ಯವು 15 ಗ್ರಾಂ ತೂಕದ್ದು, ನೂರಕ್ಕೆ 80 ಪಾಲು ಬೆಳ್ಳಿ. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆಂದು 1972ರಲ್ಲಿ ಬಂದ ಹತ್ತು ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಅನಂತರ ಬಂದ ನೂರು ರೂಪಾಯಿ ನಾಣ್ಯಗಳಲ್ಲಿ ಬಹುಪಾಲು 35 ಗ್ರಾಂ ತೂಗುತ್ತವೆ, ಅರ್ಧ ಮಾತ್ರ ಬೆಳ್ಳಿ. ಉಳಿದದ್ದು ತಾಮ್ರ, ನಿಕಲ್, ಸತು. ಈಚಿನ ಕೆಲವು ನಾಣ್ಯಗಳು ಶುದ್ಧ ಬೆಳ್ಳಿಯವೆಂಬುದೂ ನಿಜ. ಆದರೆ ಮಾರಾಟಗಾರನು 'ಬೆಳ್ಳಿಯ ನಾಣ್ಯ' ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಮುಗಿಸಿಬಿಡುತ್ತಾನೆ.

ಲೆಕ್ಕ ಕಷ್ಟದ್ದಲ್ಲ. 35 ಗ್ರಾಂ ನಾಣ್ಯದಲ್ಲಿ ಬೆಳ್ಳಿ ಹದಿನೇಳೂವರೆ ಗ್ರಾಂ. ಕಿಲೋವಿಗೆ ಒಂದೂವರೆ ಲಕ್ಷವೆಂದು ಹಿಡಿದರೆ ಅದರ ಬೆಲೆ 2,625 ರೂಪಾಯಿ. ಧಾರಣೆ ಏರಿದಂತೆ ಇಳಿದಂತೆ ವಾಚಕರು ತಾವೇ ಗುಣಿಸಿಕೊಳ್ಳಬಹುದು. ಈ ಮೊತ್ತದ ಮೇಲೆ ಕೊಟ್ಟದ್ದೆಲ್ಲವೂ ಬೆಳ್ಳಿಗಲ್ಲ, ಪೆಟ್ಟಿಗೆಗೂ ಕೀರ್ತಿಗೂ ನಿರೀಕ್ಷೆಗೂ ಕೊಟ್ಟದ್ದು. ಆ ಬೆಳ್ಳಿಯಾದರೂ ಕೈಗೆಟುಕುವಂಥದೇ? 2011ರ ನಾಣ್ಯಗಳ ಕಾಯಿದೆಯ ಮೇರೆಗೆ ಸರ್ಕಾರದ ನಾಣ್ಯವನ್ನು ಕರಗಿಸುವುದು ಅಪರಾಧ. ಕಾಲ್ಗಡಗವನ್ನಾದರೆ ಕಷ್ಟಕಾಲದಲ್ಲಿ ಊರಿನ ಗಿರವಿ ಅಂಗಡಿಯಲ್ಲಿಟ್ಟು ಹೊತ್ತು ಮುಳುಗುವುದರೊಳಗೆ ಹಣ ತರಬಹುದು. ನೂರು ರೂಪಾಯಿ ನಾಣ್ಯವನ್ನು ಅದೇ ಅಂಗಡಿಯವನ ಮುಂದಿಟ್ಟರೆ, ಅರ್ಧ ತಾಮ್ರವೆಂದು ಅವನು ಮೋರೆ ತಿರುಗಿಸುತ್ತಾನೆ. ಅವನನ್ನು ದೂರುವಂತೆಯೂ ಇಲ್ಲ.

ಹಾಗಾದರೆ ಇಂಥ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚಿನ ಬೆಲೆ ಬರುವುದು ಯಾವುದರಿಂದ? ವಿರಳತೆಯಿಂದ. 1939ನೆಯ ಇಸವಿಯ ರೂಪಾಯಿಗೆ ಸಂಗ್ರಾಹಕರು ಅಪಾರ ಬೆಲೆ ಕೊಡುವುದು ಅದರ ಬೆಳ್ಳಿಗಾಗಿ ಅಲ್ಲ. ಹಿಂದಿನ ವರ್ಷದ ರೂಪಾಯಿಯಲ್ಲಿಯೂ ಅಷ್ಟೇ ಬೆಳ್ಳಿಯಿದೆ. ಉಳಿದುಕೊಂಡವು ಅತ್ಯಲ್ಪವೆಂಬುದೇ ಕಾರಣ. (1938ರ ಎಂಟನ್ನು ತಿದ್ದಿ ಒಂಬತ್ತು ಮಾಡಿ ಮಾರುವ ಕುಶಲಿಗಳು ಇದ್ದಾರೆಂಬುದನ್ನು ಅಜ್ಜಿಯ ಗಂಟು ಬಿಚ್ಚಿ ನೋಡುವವರು ನೆನಪಿನಲ್ಲಿಡಲಿ.) ಆದುದರಿಂದ 'ಪರಿಮಿತ ಸಂಖ್ಯೆ' ಎಂದು ಹೇಳಿ ಮಾರುವವನು ಆ ಸಂಖ್ಯೆ ಎಷ್ಟೆಂಬುದನ್ನು ಹೇಳಬೇಡವೇ?

ನಮ್ಮ ಮುಖ್ಯವಾದ ಆಕ್ಷೇಪಣೆ ಇಲ್ಲಿಯೇ ಇದೆ. 2023ರಲ್ಲಿ ಹೊಸ ಪಾರ್ಲಿಮೆಂಟು ಭವನದ ಸ್ಮಾರಕವಾಗಿ 75 ರೂಪಾಯಿ ನಾಣ್ಯವನ್ನು ಹೊರಡಿಸಿದಾಗ ರಾಜ್ಯಪತ್ರದಲ್ಲಿ ಎಲ್ಲವನ್ನೂ ವಿವರವಾಗಿ ಪ್ರಕಟಿಸಿದರು: ವ್ಯಾಸ 44 ಮಿಲಿಮೀಟರು, ತೂಕ 35 ಗ್ರಾಂ, ಯಾವ ಲೋಹ ಎಷ್ಟು ಪಾಲು, ಅಂಚಿನ ಹಲ್ಲುಗಳು 200. ಅಂಚಿನ ಹಲ್ಲನ್ನು ಎಣಿಸಿ ಹೇಳಿದ ಸರ್ಕಾರದವರು ನಾಣ್ಯವನ್ನು ಎಣಿಸಿ ಹೇಳಲಿಲ್ಲ. ಒಂದು ನಾಣ್ಯದ ಮಾತಲ್ಲ ಇದು, ಪದ್ಧತಿಯೇ ಹೀಗಿದೆ. ಗೊತ್ತಾದ ಅವಧಿಯಲ್ಲಿ ಹಣ ಕಟ್ಟಿಸಿಕೊಳ್ಳುವುದು, ಬಂದ ಬೇಡಿಕೆಗೆ ತಕ್ಕಂತೆ ಅಚ್ಚು ಹಾಕಿಸುವುದು, ತಿಂಗಳುಗಳ ಮೇಲೆ ಪೆಟ್ಟಿಗೆ ಕಳುಹಿಸುವುದು. ಎಷ್ಟು ಜೊತೆ ಅಚ್ಚಾದುವೆಂದು ತಿಳಿಯಬೇಕಾದರೆ ಸಂಗ್ರಾಹಕರು 2005ರ ಮಾಹಿತಿ ಹಕ್ಕಿನ ಕಾಯಿದೆಯನ್ನು ಹಿಡಿದು ಅರ್ಜಿ ಹಾಕುವ ಸ್ಥಿತಿ. ಇಂಗ್ಲೆಂಡಿನ ಟಂಕಸಾಲೆಯವರು ಪರಿಮಿತ ನಾಣ್ಯದ ಗರಿಷ್ಠ ಸಂಖ್ಯೆಯನ್ನು ಮೊದಲೇ ಸಾರುತ್ತಾರೆ. ಅಮೆರಿಕದವರು ಮಾರಾಟದ ಅಂಕಿಗಳನ್ನು ಪ್ರಕಟಿಸುತ್ತಾರೆ. ತನ್ನ ಪ್ರಜೆಗೆ ತಾನು ಮಾರಿದ ವಸ್ತುವಿನ ಸಂಖ್ಯೆಯನ್ನು ತಿಳಿಸುವುದರಲ್ಲಿ ಸ್ವರಾಜ್ಯದ ಸರ್ಕಾರವು ಪರದೇಶದವರಿಗಿಂತ ಹಿಂದೆ ಬೀಳಬೇಕೇ?

ಮತ್ತೊಂದು ಸಂದೇಹವೂ ನಿರಾಧಾರವಾದುದಲ್ಲ. ಹಳೆಯ ಅಚ್ಚುಗಳಿಂದ ಬೇಡಿದವರಿಗೆ ಪುನಃ ನಾಣ್ಯ ಒತ್ತಿಕೊಡುವ ಸಂಪ್ರದಾಯವು ಕಲ್ಕತ್ತೆ, ಮುಂಬಯಿಗಳ ಟಂಕಸಾಲೆಗಳಲ್ಲಿ ಬಹುಕಾಲ ನಡೆದುಬಂದು 1970ರಲ್ಲಿ ನಿಂತಿತು. ಹೀಗೆ ಒತ್ತಿದವು ಯಾವುವು, ಮೂಲದವು ಯಾವುವು ಎಂದು ಪಂಡಿತರು ಇಂದಿಗೂ ತಲೆ ತುರಿಸಿಕೊಳ್ಳುತ್ತಾರೆ. ಅಚ್ಚು ಯಾರ ಕೈಯಲ್ಲಿದೆಯೋ ಅವರು 'ಇನ್ನು ಒತ್ತುವುದಿಲ್ಲ' ಎಂದು ಲಿಖಿತವಾಗಿ ಹೇಳಿ ಅಚ್ಚನ್ನು ನಾಶಮಾಡುವವರೆಗೆ ವಿರಳತೆಯೆಂಬುದು ಬಾಯಿಮಾತೇ.

ಇನ್ನು ದರ್ಜೆಯ ವಿಚಾರ. 'ಪ್ರೂಫ್' ಎಂದು ಕರೆಯುವ ನಾಣ್ಯವನ್ನು ನುಣುಪು ಮಾಡಿದ ಬಿಲ್ಲೆಯ ಮೇಲೆ ಹೊಳಪಿನ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಾರಿ ಒತ್ತುತ್ತಾರೆ. ನೆಲವು ಕನ್ನಡಿಯಂತೆಯೂ ಚಿತ್ರವು ಮಂಜು ಕವಿದಂತೆಯೂ ಕಾಣುವುದು. ಅಂಥ ಕನ್ನಡಿಯ ಮೇಲೆ ಬೆರಳಿಟ್ಟರೂ ಗುರುತು ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಹಬ್ಬ ಬಂತೆಂದರೆ ಬೆಳ್ಳಿಯ ದೀಪ, ಪಂಚಪಾತ್ರೆಗಳನ್ನು ವಿಭೂತಿ ಹಾಕಿ ಉಜ್ಜುವುದು ವಾಡಿಕೆ. ದೀಪಕ್ಕೆ ಅದು ಶೋಭೆ. ಪ್ರೂಫ್ ನಾಣ್ಯಕ್ಕೆ ಮರಣ. ಒಮ್ಮೆ ಉಜ್ಜಿದ ನಾಣ್ಯದ ಬೆಲೆಯನ್ನು ಮರಳಿ ತರಲು ಯಾರಿಂದಲೂ ಸಾಧ್ಯವಿಲ್ಲ. ಅಗ್ಗದ ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಹಸುರು ಜಿಗುಟು ಹಿಡಿಯುತ್ತದೆ. ರಬ್ಬರು, ಉಣ್ಣೆಗಳ ಸಹವಾಸದಲ್ಲಿ ಕಪ್ಪಾಗುತ್ತದೆ. ಬಂದ ಪೆಟ್ಟಿಗೆಯನ್ನು ಬಂದಂತೆಯೇ ಇಡುವುದು ಲೇಸು.

ದರ್ಜೆ ಹಾಕುವವರು ಯಾರು? 1949ರಲ್ಲಿ ಅಮೆರಿಕದ ವಿಲಿಯಂ ಷೆಲ್ಡನ್ ಎಂಬವನು ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಒಂದು ಮಾಪನವನ್ನು ಏರ್ಪಡಿಸಿದನು. ತೀರ ಸವೆದ ನಾಣ್ಯಕ್ಕೆ ಒಂದು ಡಾಲರಾದರೆ, ಎಪ್ಪತ್ತರ ದರ್ಜೆಯದಕ್ಕೆ ಎಪ್ಪತ್ತು ಡಾಲರು ಎಂಬುದು ಮೂಲದಲ್ಲಿ ಅದರ ತಾತ್ಪರ್ಯ. ಅಂದರೆ ಅದು ಹುಟ್ಟಿದ್ದೇ ಅಂಗಡಿಯ ಮಾಪನವಾಗಿ. 1980ರ ದಶಕದಲ್ಲಿ ಆ ದೇಶದ ಸಂಸ್ಥೆಗಳು ನಾಣ್ಯಕ್ಕೆ ಅಂಕ ಹಾಕಿ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ವ್ಯಾಪಾರವನ್ನು ಆರಂಭಿಸಿದವು. ಇಂದು ನಮ್ಮ ಟಂಕಸಾಲೆಯ ನಾಣ್ಯವೂ ಸಮುದ್ರ ದಾಟಿ ಹೋಗಿ ಅಂಕ ಹಾಕಿಸಿಕೊಂಡು ಬರುತ್ತದೆ. 69ಕ್ಕೂ 70ಕ್ಕೂ ಇರುವ ಭೇದವು ಬರಿಗಣ್ಣಿಗೆ ಕಾಣುವುದಿಲ್ಲ, ಬೆಲೆಯಲ್ಲಿ ಮಾತ್ರ ಢಾಳಾಗಿ ಕಾಣುತ್ತದೆ. ಕವಚವನ್ನೇ ನಕಲು ಮಾಡುವವರೂ ಹುಟ್ಟಿಕೊಂಡಿದ್ದಾರೆ. ನಮ್ಮ ಜಿಲ್ಲೆಯ ನೆಲದಿಂದ ನೂರು ವರ್ಷಕ್ಕೂ ಮೇಲ್ಪಟ್ಟು ಚಿನ್ನ ಹೊರಟು, 2001ರಲ್ಲಿ ಗಣಿಗೆ ಬೀಗ ಬಿತ್ತು. ಅಷ್ಟೂ ಕಾಲ ಅದರ ಬೆಲೆ ಕಟ್ಟಿದವರು ಬೇರೆಯವರೇ. ಬೆಳ್ಳಿಯ ವಿಷಯದಲ್ಲಾದರೂ ಒರೆಗಲ್ಲು ನಮ್ಮಲ್ಲಿರಬಾರದೇ ಎಂದು ಕೋಲಾರದವರಿಗೆ ಅನ್ನಿಸಿದರೆ ತಪ್ಪೇನು?

ನಾಣ್ಯಸಂಗ್ರಹವೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಟಿಪ್ಪುವಿನ ಹೈದರಿ, ಇಮಾಮಿಗಳನ್ನು ಗುರುತಿಸಬಲ್ಲವರಿಂದಲೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಏರ್ಪಟ್ಟ ನಾಣ್ಯ ಸಂಗ್ರಹಾಲಯದಂಥವುಗಳಿಂದಲೂ ನಾಡಿನ ಚರಿತ್ರೆಗೆ ಉಪಕಾರವಾಗಿದೆ. 2006ರಲ್ಲಿ ಬಸವೇಶ್ವರರ ಹೆಸರಿನಲ್ಲಿ ಹೊರಟ ನಾಣ್ಯವನ್ನು ಕನ್ನಡಿಗನೊಬ್ಬನು ಅಭಿಮಾನದಿಂದ ಮನೆಯಲ್ಲಿಟ್ಟುಕೊಂಡರೆ ಅದಕ್ಕೆ ನಾವು ಲಾಭನಷ್ಟದ ಲೆಕ್ಕ ಕೇಳುವುದಿಲ್ಲ. ಮಗಳ ಮದುವೆಗೆಂದು ಕೂಡಿಸಿದ ಹಣವನ್ನು ಪೆಟ್ಟಿಗೆಗಳಲ್ಲಿ ಹೂಡುವವರ ವಿಷಯ ಬೇರೆ. ಅವರು ಮಾರಹೊರಟ ದಿನ ಕೊಳ್ಳುವವನು ಗೌನಿಪಲ್ಲಿಯಲ್ಲಿ ಸಿಕ್ಕುವುದಿಲ್ಲ. ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಹೋಗಬೇಕು. ಅಲ್ಲಿಯ ವರ್ತಕನು ಪೆಟ್ಟಿಗೆಯ ಮೂಲೆ ನಜ್ಜಾಗಿದೆ, ಪ್ರಮಾಣಪತ್ರವಿಲ್ಲ ಎಂದು ಒಂದೊಂದಾಗಿ ಇಳಿಸುತ್ತಾನೆ. ಮೊಬೈಲಿನಲ್ಲಿ ಮಾರುವೆವೆಂದರೆ ಅಲ್ಲಿ ಬೇರೆ ಬಗೆಯ ಜನ ಕಾದಿರುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ತೋರಿಸಿ, ಹಳೆಯ ನಾಣ್ಯ ನೋಟುಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆಯೆಂದು ಹಣ ಕೀಳುವವರಿದ್ದಾರೆಂದು ಆ ಬ್ಯಾಂಕಿನವರೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿ ಎಚ್ಚರಿಸಿದರು.

ಕೇಂದ್ರದ ಹಣಕಾಸಿನ ಇಲಾಖೆಯವರು ಮಾಡತಕ್ಕದ್ದು ಬಹಳವಿಲ್ಲ. ಪ್ರತಿಯೊಂದು ನಾಣ್ಯಕ್ಕೂ ಹಣ ಕಟ್ಟುವ ಅವಧಿ ಮುಗಿದೊಡನೆ ಪ್ರೂಫ್ ಎಷ್ಟು, ಸಾಧಾರಣ ಎಷ್ಟು ಎಂಬುದನ್ನು ರಾಜ್ಯಪತ್ರದಲ್ಲಿ ಅಚ್ಚುಮಾಡಿಸಲಿ. ಆ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೂ ಒತ್ತಲಿ. ಪುನಃ ಒತ್ತುವುದಿಲ್ಲವೆಂಬ ವಾಗ್ದಾನವನ್ನು ಅದರೊಡನೆ ಸೇರಿಸಲಿ. ಹಣ ಕಟ್ಟಿಸಿಕೊಳ್ಳುವ ಕೆಲಸವನ್ನು ಅಂಚೆ ಕಚೇರಿಗಳಿಗೆ ವಹಿಸಿದರೆ ಹೋಬಳಿಯ ಉಪಾಧ್ಯಾಯನೂ ಅಂಗಡಿಯವನೂ ದಳ್ಳಾಳಿಯ ಹಂಗಿಲ್ಲದೆ ಸರ್ಕಾರದ ಬೆಲೆಗೇ ಕೊಳ್ಳುವರು. ದರ್ಜೆಯನ್ನು ಪರೀಕ್ಷಿಸಿ ಮೊಹರು ಹಾಕುವ ಒಂದು ಕಚೇರಿಯನ್ನು ಟಂಕಸಾಲೆಯ ಹೊರಗೆ, ವರ್ತಕರ ಪ್ರಭಾವಕ್ಕೂ ಹೊರಗೆ, ಸ್ಥಾಪಿಸುವುದು ಇವಕ್ಕಿಂತ ಹೆಚ್ಚಿನ ಕೆಲಸ. ಅದಕ್ಕೆ ಕಾಲ ಹಿಡಿಯುವುದೆಂಬುದನ್ನು ಒಪ್ಪುತ್ತೇವೆ. ಸಂಖ್ಯೆಯನ್ನು ಪ್ರಕಟಿಸಲು ಮಾತ್ರ ಒಬ್ಬ ಗುಮಾಸ್ತನ ಅರ್ಧ ದಿನ ಸಾಕು.

ಅಲ್ಲಿಯವರೆಗೆ ಗೌನಿಪಲ್ಲಿಯ ವಾಚಕರಿಗೆ ನಮ್ಮ ಉತ್ತರವಿಷ್ಟೆ. ಕೊಳ್ಳುವ ಮುಂಚೆ ನಾಣ್ಯದ ತೂಕವನ್ನೂ ಬೆಳ್ಳಿಯ ಪಾಲನ್ನೂ ಕೇಳಿ ಬೆಲೆಯನ್ನು ಗುಣಿಸಿ ನೋಡಿರಿ. ಆಮೇಲೆ, ಈ ಪೆಟ್ಟಿಗೆಯನ್ನು ಈ ದಿನವೇ ಹಿಂದಕ್ಕೆ ತೆಗೆದುಕೊಳ್ಳುವುದಾದರೆ ಎಷ್ಟು ಕೊಡುವೆಯೆಂದು ಮಾರುವವನನ್ನು ಕೇಳಿ, ಆ ಮೊತ್ತವನ್ನು ರಸೀತಿಯ ಮೇಲೆ ಬರೆಸಿಕೊಳ್ಳಿರಿ.