ಸ್ಕಾರ್ಲಾಟಿಗೆ ಕೆಂಪು ಶಾಯಿ ಬೇಡ

ಹಾರ್ಪ್ಸಿಕಾರ್ಡಿಗೆಂದು ಬರೆದ ಸಂಗೀತವನ್ನು ಈಗಿನ ಪಿಯಾನೊದಲ್ಲಿ ನುಡಿಸುವುದು ಸರಿಯೋ ತಪ್ಪೋ? ಕಾಸರಗೋಡಿನ ಕನ್ನಡ ಶಾಲೆಯ ಮಾಷ್ಟ್ರಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮಗೆ ಪಿಯಾನೊ ನುಡಿಸಲು ಬರುವುದಿಲ್ಲ. ಆದರೆ ರಾತ್ರಿ ಉತ್ತರಪತ್ರಿಕೆ ತಿದ್ದುವಾಗ ಹಳೆಯ ಯುರೋಪಿನ ಸಂಗೀತ ಕೇಳುವ ಚಟವೊಂದು ನಮಗೆ ಅಂಟಿಕೊಂಡಿದೆ. ಹಾಗೆ ಕೇಳುತ್ತಾ ಸಿಕ್ಕಿದವರು ಡೊಮೆನಿಕೊ ಸ್ಕಾರ್ಲಾಟಿ.

ಇವರೂ ನಮ್ಮ ಹಾಗೆ ಮಾಷ್ಟ್ರೇ! ಬಾಖ್, ಹ್ಯಾಂಡೆಲ್ ಹುಟ್ಟಿದ 1685ರಲ್ಲೇ ನೇಪಲ್ಸಿನಲ್ಲಿ ಹುಟ್ಟಿದರು. ಲಿಸ್ಬನ್ನಿನಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಮರಿಯಾ ಬಾರ್ಬರಾಳಿಗೆ ಪಾಠ ಹೇಳಿದರು. 1729ರಲ್ಲಿ ಆಕೆ ಸ್ಪೇನಿಗೆ ಸೊಸೆಯಾಗಿ ಹೋದಾಗ ಮಾಷ್ಟ್ರೂ ಹಿಂದೆಯೇ ಹೋದರು. 1757ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು 555 ಸೊನಾಟಾಗಳು. ಹೆಚ್ಚಿನವು ಐದು ನಿಮಿಷದೊಳಗೆ ಮುಗಿಯುವಂಥವು.

ಈಗ ಜಗಳಕ್ಕೆ ಬರೋಣ. ಹಾರ್ಪ್ಸಿಕಾರ್ಡಿನಲ್ಲಿ ಕೀ ಒತ್ತಿದರೆ ಹಕ್ಕಿಗರಿಯ ಒಂದು ಚೂರು ತಂತಿಯನ್ನು ಮೀಟುತ್ತದೆ. ಬೆರಳನ್ನು ಮೆಲ್ಲಗೆ ಇಡಿ, ಜೋರಾಗಿ ಇಡಿ, ಸದ್ದು ಹೆಚ್ಚುಕಡಿಮೆ ಅಷ್ಟೇ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಹೊಡೆಯುತ್ತದೆ, ಹಾಗಾಗಿ ಬೆರಳಿನ ಬಲದಂತೆ ಸದ್ದು ಏರುತ್ತದೆ, ಇಳಿಯುತ್ತದೆ. ಶುದ್ಧವಾದಿಗಳು ಹೇಳುವುದು: ಮೀಟುವ ವಾದ್ಯಕ್ಕೆ ಬರೆದದ್ದನ್ನು ಹೊಡೆಯುವ ವಾದ್ಯದಲ್ಲಿ ನುಡಿಸಬಾರದು.

ಪಿಯಾನೊ ಪಕ್ಷದವರ ಬಳಿಯೂ ಒಂದು ಸಾಕ್ಷಿ ಇದೆ. ಕ್ರಿಸ್ಟೊಫೊರಿ ಎಂಬ ಕುಶಲಕರ್ಮಿ ಫ್ಲಾರೆನ್ಸಿನಲ್ಲಿ ಪಿಯಾನೊ ಮಾಡಿದ್ದು 1700ರ ಆಸುಪಾಸಿನಲ್ಲಿ. 1758ರಲ್ಲಿ ಮರಿಯಾ ಬಾರ್ಬರಾ ತೀರಿಕೊಂಡಾಗ ರಾಣಿಯ ವಾದ್ಯಗಳ ಪಟ್ಟಿಯಲ್ಲಿ ಫ್ಲಾರೆನ್ಸಿನ ಪಿಯಾನೊಗಳೂ ಇದ್ದವು. ಅಂದರೆ ಸ್ಕಾರ್ಲಾಟಿಗೆ ಪಿಯಾನೊ ಅಪರಿಚಿತವಲ್ಲ. ಹಾಗೆಂದು ಕುಣಿಯುವಂತಿಲ್ಲ. ಆ ಪಿಯಾನೊಗಳು ಮರದ ಚೌಕಟ್ಟಿನ ಮೆದುದನಿಯವು. ಅವುಗಳಲ್ಲಿದ್ದ ಕೀಗಳು ಅನೇಕ ಸೊನಾಟಾಗಳಿಗೆ ಸಾಲುವುದೂ ಇಲ್ಲ. ಅದರಲ್ಲೂ ಎರಡು ಪಿಯಾನೊಗಳನ್ನು ಆಮೇಲೆ ಹಾರ್ಪ್ಸಿಕಾರ್ಡುಗಳಾಗಿ ಮಾರ್ಪಡಿಸಿದ್ದರು! ಎರಕದ ಕಬ್ಬಿಣದ ಚೌಕಟ್ಟು, 88 ಕೀಗಳಿರುವ ಈಗಿನ ಪಿಯಾನೊಗೂ ಅವಕ್ಕೂ ಬಹಳ ದೂರ.

ಹಾಗಾಗಿ ನಮ್ಮ ಪ್ರಶ್ನೆ ಬೇರೆ. ವಾದ್ಯ ಬದಲಾದಾಗ ಏನು ಕಳೆಯುತ್ತದೆ, ಏನು ಉಳಿಯುತ್ತದೆ? 119ನೇ ಸೊನಾಟಾ ಕೇಳಿ. ಅಕ್ಕಪಕ್ಕದ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವ ಜಾಗಗಳಿವೆ. ಹಾರ್ಪ್ಸಿಕಾರ್ಡಿನಲ್ಲಿ ಅದು ಸ್ಪೇನಿನ ಗಿಟಾರನ್ನು ಬೀಸಿ ಬಾರಿಸಿದಂತೆ ಝಲ್ಲೆನ್ನುತ್ತದೆ. ಪಿಯಾನೊದಲ್ಲಿ ಪೆಡಲ್ ಒತ್ತಿ ಅದನ್ನೇ ಗುದ್ದಿದರೆ ಗಂಜಿ ಆಗಿಬಿಡುತ್ತದೆ. ಅದೇ ಒಂದು ನಿಧಾನದ ಸೊನಾಟಾದಲ್ಲಿ ಪಿಯಾನೊ ಸ್ವರವನ್ನು ಹಿಡಿದು ನಿಲ್ಲಿಸಿ, ಬಲಗೈಯ ರಾಗವನ್ನು ಎಡಗೈಯಿಂದ ಸ್ವಲ್ಪ ಮೇಲೆತ್ತಿ ತೋರಿಸುತ್ತದೆ. ಹೊರೊವಿಟ್ಸ್ 1964ರಲ್ಲಿ ಮಾಡಿದ ಧ್ವನಿಮುದ್ರಣ ಕೇಳಿದರೆ ತಿಳಿಯುತ್ತದೆ. ಅಷ್ಟು ದೊಡ್ಡ ವಾದ್ಯದ ಮುಂದೆ ಕೂತು ಎಷ್ಟು ಸಣ್ಣ ದನಿಯಲ್ಲಿ ಮಾತಾಡುತ್ತಾರೆ! 1980ರ ದಶಕದಲ್ಲಿ ಸ್ಕಾಟ್ ರಾಸ್ 555ನ್ನೂ ನುಡಿಸಿದರು, ಬಹುಪಾಲು ಹಾರ್ಪ್ಸಿಕಾರ್ಡಿನಲ್ಲಿ. ನಮಗೆ ಎರಡೂ ಬೇಕು.

ನಮ್ಮ ತಕರಾರು ಪಿಯಾನೊದ ಮೇಲಲ್ಲ, ಕೆಂಪು ಶಾಯಿಯ ಮೇಲೆ. 1906ರಿಂದ ಅಲೆಸಾಂಡ್ರೊ ಲಾಂಗೊ ಎಂಬ ವಿದ್ವಾಂಸರು ಈ ಸೊನಾಟಾಗಳನ್ನು ಪಿಯಾನೊದವರಿಗಾಗಿ ಸಂಪಾದಿಸಿ ಪ್ರಕಟಿಸಿದರು. ದೊಡ್ಡ ಉಪಕಾರವೇ. ಅವರಿಲ್ಲದಿದ್ದರೆ ಎಷ್ಟೋ ಜನರಿಗೆ ಸ್ಕಾರ್ಲಾಟಿ ಸಿಗುತ್ತಿರಲಿಲ್ಲ. ಆದರೆ ಮೂಲದಲ್ಲಿ ಇಲ್ಲದ 'ಮೆಲ್ಲಗೆ', 'ಜೋರಾಗಿ' ಎಂಬ ಸೂಚನೆಗಳನ್ನು ತುಂಬಿಸಿದರು. ಕಿವಿಗೆ ಕರ್ಕಶ ಕಂಡ ಸ್ವರಗಳನ್ನು ತಪ್ಪೆಂದು ತಿಳಿದು ಅಲ್ಲಲ್ಲಿ ತಿದ್ದಿಬಿಟ್ಟರು. ಗಿಟಾರಿನ ಆ ಝಲ್ ಅವರಿಗೆ ಕೈತಪ್ಪಿನಂತೆ ಕಂಡಿತು. 1953ರಲ್ಲಿ ರಾಲ್ಫ್ ಕಿರ್ಕ್‌ಪ್ಯಾಟ್ರಿಕ್ ಪುಸ್ತಕ ಬರೆದು, ಸೊನಾಟಾಗಳಿಗೆ ಹೊಸ ಸಂಖ್ಯೆ ಕೊಟ್ಟು, ಅದು ತಪ್ಪಲ್ಲ, ಅದೇ ಸ್ಕಾರ್ಲಾಟಿಯ ಮಾತು ಎಂದು ವಾದಿಸಬೇಕಾಯಿತು.

ಇದನ್ನು ಓದಿದಾಗ ನಮಗೆ ಚುರುಕ್ಕೆಂದಿತು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ 'ಬಚ್ಚಂಗಾಯಿ' ಎಂದು ಬರೆದಿದ್ದಳು. ನಾವು ಹೊಡೆದು ಹಾಕಿ 'ಕಲ್ಲಂಗಡಿ' ಎಂದು ಬರೆದೆವು. ಪಠ್ಯಪುಸ್ತಕದ ಕನ್ನಡ ಅದು, ಸರಿ. ಆದರೆ ಮಗು ಬರೆದದ್ದು ತಪ್ಪಾಗಿತ್ತೇ? ನಮ್ಮ ಊರಲ್ಲಿ ಆ ಹಣ್ಣಿಗೆ ಇರುವ ಹೆಸರೇ ಅದಲ್ಲವೇ? ಗಡಿಯ ಈಚೆ ಕನ್ನಡ ಉಳಿಸುತ್ತೇವೆಂದು ಹೊರಟ ನಾವೇ ಇಲ್ಲಿಯ ಕನ್ನಡವನ್ನು ಅಳಿಸಿದ್ದೆವು. ಲಾಂಗೊ ಅವರ ಮನಸ್ಸೂ ಒಳ್ಳೆಯದೇ ಇತ್ತು, ನಮ್ಮದೂ ಇತ್ತು.

ಆದ್ದರಿಂದ ಪಿಯಾನೊ ಕಲಿಯುವ ಮಕ್ಕಳಿಗೆ ಸ್ಕಾರ್ಲಾಟಿಯನ್ನು ಧಾರಾಳವಾಗಿ ಕೊಡಿ ಎಂದೇ ನಾವು ಹೇಳುವುದು. ಹಾರ್ಪ್ಸಿಕಾರ್ಡ್ ಸಿಗುವವರೆಗೆ ಕಾಯಿರಿ ಎಂದರೆ ಹೆಚ್ಚಿನವರು ಜೀವಮಾನವಿಡೀ ಕಾಯಬೇಕಾದೀತು. ಸಂಗೀತ ಪೆಟ್ಟಿಗೆಯೊಳಗೇ ಉಳಿದೀತು. ಆದರೆ ಕೊಡುವಾಗ ಲಾಂಗೊ ತಿದ್ದದ ಪ್ರತಿಯನ್ನೇ ಕೊಡಿ, ಒಮ್ಮೆಯಾದರೂ ಹಾರ್ಪ್ಸಿಕಾರ್ಡಿನಲ್ಲಿ ಕೇಳಿಸಿ. ಆಮೇಲೆ ಪೆಡಲ್ ಎಷ್ಟು ಒತ್ತಬೇಕೆಂದು ಮಗುವಿನ ಕಿವಿಯೇ ಹೇಳುತ್ತದೆ. ಕೇಳಿ ಕರ್ಕಶ ಅನಿಸಿದರೆ ತಿದ್ದುವ ಮೊದಲು ಇನ್ನೊಮ್ಮೆ ಕೇಳೋಣ.

ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ "ಸರ್, ಸೌಖ್ಯವಾ?" ಅಂದಳು. ಬಚ್ಚಂಗಾಯಿ ವಿಷಯ ಹೇಳಬೇಕೆಂದುಕೊಂಡೆವು... ಅಷ್ಟರಲ್ಲಿ ಅವಳ ಬಸ್ ಬಂತು. ಇಲ್ಲಾದರೂ ಬರೆದಿಡುತ್ತೇವೆ. ನೀವೇನಂತೀರಿ?