ಕನ್ನಡದ ಹೆಸರಿಟ್ಟರೆ ತಂಬೂರಿ ನುಡಿಯದೇ?

ಗಣಕಯಂತ್ರದಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇಡಬೇಕು ಎಂಬ ಉಪದೇಶ ಈಚೆಗೆ ಮತ್ತೆ ನನ್ನ ಕಿವಿಗೆ ಬಿದ್ದಿತು. ಕನ್ನಡ ಮೇಷ್ಟ್ರಾಗಿದ್ದವನಿಗೆ ಇದು ಸುಲಭವಾಗಿ ಜೀರ್ಣವಾಗುವ ಮಾತಲ್ಲ.

ಸಂದರ್ಭ ಹೀಗಿದೆ. ದೊಡ್ಡಬಳ್ಳಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಟ್ಟ ಧ್ವನಿಮುದ್ರಣ ಕೊಠಡಿಯನ್ನು ನಡೆಸುತ್ತಾನೆ. ಸುತ್ತಲೂ ಮಗ್ಗಗಳ ಸದ್ದಾದುದರಿಂದ ಕೆಲಸವೆಲ್ಲ ಬಹುಮಟ್ಟಿಗೆ ರಾತ್ರಿಯ ವೇಳೆ. ಭಜನಾ ಮಂಡಳಿಯವರು, ತತ್ವಪದ ಹಾಡುವ ಹಿರಿಯರು ಅಲ್ಲಿಗೆ ಬರುತ್ತಾರೆ. ಹೊಸ ಯಂತ್ರ ತಂದಾಗ ಬಳಕೆದಾರನ ಹೆಸರನ್ನು ಅಭಿಮಾನದಿಂದ ಕನ್ನಡ ಲಿಪಿಯಲ್ಲಿ ಬರೆದನು. ಬಳಿಕ ತಂಬೂರಿಯ ಶ್ರುತಿ ನೀಡುವ ಪ್ಲಗಿನ್ ಒಂದನ್ನು ಹಾಕಲು ಹೊರಟರೆ ಅದು ಅರ್ಧದಲ್ಲಿಯೇ ನಿಂತು, ಕಡತವನ್ನು ತೆರೆಯಲಾಗದು ಎಂದಿತು. (ಮುದ್ರಣ ತಂತ್ರಾಂಶದೊಳಗೆ ಸೇರಿಕೊಂಡು ವಾದ್ಯದ ನಾದವನ್ನೋ ಮರುದನಿಯನ್ನೋ ಒದಗಿಸುವ ಚಿಕ್ಕ ತಂತ್ರಾಂಶವೇ ಪ್ಲಗಿನ್.) ತಯಾರಕರನ್ನು ಕೇಳಿದ್ದಕ್ಕೆ ಬಂದ ಉತ್ತರ, ಹೆಸರನ್ನು ಇಂಗ್ಲಿಷಿಗೆ ಬದಲಿಸಿ ಎಂದು. ಬದಲಿಸಿದರೂ ದೋಷ ಹೋಗಲಿಲ್ಲ.

"ಮೇಷ್ಟ್ರೇ, ಸಂದೇಶದಲ್ಲಿ ನನ್ನ ಹೆಸರಿರಬೇಕಾದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಿವೆ" ಎಂದನು. ರೋಗದ ಮೂಲ ಅಲ್ಲಿಯೇ ಇತ್ತು.

ವಿಂಡೋಸ್‌ನಲ್ಲಿ ಖಾತೆ ತೆರೆದಾಗ ಆ ಹೆಸರಿನದೇ ಒಂದು ಫೋಲ್ಡರ್ ಹುಟ್ಟುತ್ತದೆ. ಆಮೇಲೆ ಹೆಸರು ಬದಲಿಸಿದರೆ ಪರದೆಯ ಮೇಲಿನದು ಮಾತ್ರ ಬದಲಾಗುತ್ತದೆ, ಫೋಲ್ಡರಿನದಲ್ಲ. ಪ್ಲಗಿನ್ನಿನ ಇನ್‌ಸ್ಟಾಲರ್ ತನ್ನ ಸರಕನ್ನು ಮೊದಲು ಆ ಫೋಲ್ಡರಿನೊಳಗಿನ 'ಟೆಂಪ್' ಎಂಬಲ್ಲಿ ಬಿಚ್ಚಿಡುತ್ತದೆ. ಹಳೆಯ ಪದ್ಧತಿಯಲ್ಲಿ ಬರೆದ ಇನ್‌ಸ್ಟಾಲರುಗಳು ಅಕ್ಷರಗಳನ್ನು ಗುರುತಿಸುವುದು 'ಕೋಡ್ ಪೇಜ್' ಎಂಬ ಕೋಷ್ಟಕದಿಂದ. ರಷ್ಯನ್, ಜಪಾನಿ ಭಾಷೆಗಳಿಗೆ ಅದುಂಟು. ಕನ್ನಡಕ್ಕೆ ಹಾಗೆ ಬಳಸಬಹುದಾದ ಕೋಷ್ಟಕವನ್ನು ವಿಂಡೋಸ್ ಇಟ್ಟಿಲ್ಲ, ಯೂನಿಕೋಡ್ ಒಂದೇ ದಾರಿ. ಆದುದರಿಂದ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಫೋಲ್ಡರಿನ ಹೆಸರಿನಲ್ಲಿ ಆ ಚಿಹ್ನೆ ನಿಷಿದ್ಧ. ಇಲ್ಲದ ಮನೆಯನ್ನು ಹುಡುಕಿದ ಅಂಚೆಯವನಂತೆ ಇನ್‌ಸ್ಟಾಲರ್ ಹಿಂದಿರುಗುತ್ತದೆ.

ಸಿ ಡ್ರೈವಿನಲ್ಲಿ ನೇರವಾಗಿ ಟೆಂಪ್ ಎಂಬ ಫೋಲ್ಡರ್ ಮಾಡಿ, ವಿಂಡೋಸಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಟೆಂಪ್, ಟಿಎಂಪಿ ಎರಡನ್ನೂ ಅತ್ತ ತಿರುಗಿಸಿದಾಗ ಕೆಲಸವಾಯಿತು. ಪರವಾನಗಿಯನ್ನೂ ಬಳಕೆದಾರನ ಫೋಲ್ಡರಿನಲ್ಲಿಯೇ ಇಡುವ ಪ್ಲಗಿನ್‌ಗಳಿಗೆ ಇಷ್ಟು ಸಾಲದು. ರೋಮನ್ ಲಿಪಿಯಲ್ಲಿ ಬೇರೆ ಖಾತೆಯನ್ನೇ ತೆರೆಯಬೇಕಾದೀತು.

ತುರ್ತಿಗೆ ಇದು ಸರಿ. ಆದರೆ ದೋಷ ಕನ್ನಡದ್ದೆಂಬಂತೆ ಹೇಳುವುದು ಸರಿಯಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿ, ಕನ್ನಡವಿತ್ತು. ಈ ಪ್ಲಗಿನ್‌ಗಳ ವಿಎಸ್‌ಟಿ ಪದ್ಧತಿಯನ್ನು ಜರ್ಮನಿಯ ಸ್ಟೈನ್‌ಬರ್ಗ್ ಹೊರತಂದದ್ದು 1996ರಲ್ಲಿ. ನುಡಿ, ಬರಹ ಫಾಂಟುಗಳಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಿಸಿ, ಬೇರೆ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಕಂಡು ಬೆಪ್ಪಾದ ಕಾಲದಲ್ಲಿ ನಾವು ಸಹಿಸಿಕೊಂಡೆವು. ಇಂದಿಗೂ ಏಕೆ ಸಹಿಸಬೇಕು?

ಒಮ್ಮೆ ಪೆಟ್ಟು ತಿಂದ ಹುಡುಗರು ಆಮೇಲೆ ಹಾಡಿನ ಕಡತಗಳಿಗೂ ರೋಮನ್ ಹೆಸರನ್ನೇ ಇಡುತ್ತಾರೆ. ಅಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಕಲ್ಲೂ ಕಳ್ಳೂ ಒಂದೇ! ಹಾಡಿದ ಹಿರಿಯರು ಇಲ್ಲದ ದಿನ, ಯಾವ ಪದ ಯಾವುದೆಂದು ಯಾರನ್ನು ಕೇಳುವುದು?

ನಿಮ್ಮಲ್ಲಿ ಹಲವರು ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿದ್ದೀರಿ. ನೀವು ಬರೆದುದನ್ನು ಹೊರಗೆ ಬಿಡುವ ಮುನ್ನ, 'ಕೃಷ್ಣಸ್ವಾಮಿ' ಎಂದು ಕನ್ನಡದಲ್ಲಿಯೇ ಒಂದು ಖಾತೆ ತೆರೆದು ಓಡಿಸಿ ನೋಡಿ. ಒತ್ತಕ್ಷರಗಳೂ ಇರುವುದರಿಂದ ಪರೀಕ್ಷೆ ಚೆನ್ನಾಗಿಯೇ ಆಗುತ್ತದೆ. ಫಲಿತಾಂಶವನ್ನು ನನಗೆ ಬರೆದು ತಿಳಿಸಿ.