ಪ್ರವೇಶ ದೊರೆಯಿತು, ಪರವಾನಗಿ ದೊರೆಯುವುದೇ?



ನೀಟ್ ಫಲಿತಾಂಶ ಪ್ರಕಟವಾದೊಡನೆ ಕಲಬುರಗಿಯ ಅನೇಕ ಮನೆಗಳಿಗೆ ದೂರವಾಣಿ ಕರೆಗಳು ಬರತೊಡಗುತ್ತವೆ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನಗಳಲ್ಲಿ ಎಂ.ಬಿ.ಬಿ.ಎಸ್. ಪ್ರವೇಶ ಖಚಿತವೆಂದು ದಲ್ಲಾಳಿಗಳು ಭರವಸೆ ನೀಡುತ್ತಾರೆ. ಆಗ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: "ಒಟ್ಟು ಎಷ್ಟು ಖರ್ಚಾಗುತ್ತದೆ?" ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಓದಿ ಹಿಂದಿರುಗಿದ ಮಗು ಇಲ್ಲಿ ರೋಗಿಯ ನಾಡಿ ಹಿಡಿಯಲು ಕಾನೂನು ಒಪ್ಪುವುದೇ?

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳು ಸ್ಪಷ್ಟವಾಗಿವೆ. ವಿದೇಶಿ ವ್ಯಾಸಂಗ ಕನಿಷ್ಠ 54 ತಿಂಗಳದ್ದಾಗಿರಬೇಕು; ಬೋಧನೆ ಇಂಗ್ಲಿಷಿನಲ್ಲಿ ನಡೆದಿರಬೇಕು; ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು. ಆ ದೇಶದ ಪ್ರಜೆಗಳಿಗೆ ಸಮಾನವಾಗಿ ಅಲ್ಲಿ ವೃತ್ತಿ ನಡೆಸುವ ಅರ್ಹತೆಯೂ ಇರಬೇಕು. ಸ್ವದೇಶಕ್ಕೆ ಬಂದ ಮೇಲೆ 300 ಅಂಕಗಳ ಅರ್ಹತಾ ಪರೀಕ್ಷೆಯಲ್ಲಿ 150 ಪಡೆದು, ಮತ್ತೆ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. 2024ರ ಜೂನ್ ತಿಂಗಳ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಉಳಿದವರ ಮನೆಗಳಲ್ಲಿ ಸಾಲದ ಬಡ್ಡಿ ಬೆಳೆಯುತ್ತಿರುತ್ತದೆ.

"ಇಲ್ಲಿ ಸೀಟು ಸಿಗದಿದ್ದರೆ ಏನು ಮಾಡುವುದು?" ಎಂದು ನೀವು ಕೇಳಬಹುದು. ಆ ನೋವು ನಿಜವಾದುದು. 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ಚಳಗೇರಿಯ ನವೀನನನ್ನು ನಾವು ಮರೆಯಬಾರದು. ಪಿ.ಯು.ಸಿ.ಯಲ್ಲಿ ಶೇ. 97 ಅಂಕ ಪಡೆದರೂ ಮಗನಿಗೆ ರಾಜ್ಯದಲ್ಲಿ ವೈದ್ಯಕೀಯ ಸೀಟು ದೊರೆಯಲಿಲ್ಲವೆಂದು ಅವನ ತಂದೆ ದುಃಖಿಸಿದರು. ಖಾಸಗಿ ಕಾಲೇಜುಗಳ ಶುಲ್ಕ ಬಡವರ ಕೈಗೆ ನಿಲುಕದಿರುವುದು ಅನ್ಯಾಯವೇ ಸರಿ. ಅದರ ವಿರುದ್ಧ ನಾವು ದನಿಯೆತ್ತಲೇಬೇಕು. ಆದರೆ ಇಲ್ಲಿನ ಅನ್ಯಾಯವು ಅಲ್ಲಿನ ಕಾಲೇಜಿನ ಯೋಗ್ಯತೆಗೆ ಸಾಕ್ಷಿಯಾಗಲಾರದು.

"ಹೊರಗೆ ಓದಿದ ಎಷ್ಟೋ ಮಂದಿ ಒಳ್ಳೆಯ ವೈದ್ಯರಾಗಿಲ್ಲವೇ?" ಎಂಬ ಮಾತೂ ಉಂಟು. ಆಗಿದ್ದಾರೆ. ಕಾಲೇಜನ್ನು ವಿಚಾರಿಸಿ ಆರಿಸಿಕೊಂಡು, ಮೊದಲ ವರ್ಷದಿಂದಲೇ ಅರ್ಹತಾ ಪರೀಕ್ಷೆಗೆ ಸಿದ್ಧರಾದ ಅವರ ಶ್ರಮಕ್ಕೆ ಗೌರವ ಸಲ್ಲಲಿ. ಅವರ ಹೆಸರನ್ನು ಮುಂದಿಟ್ಟುಕೊಂಡು ವ್ಯಾಪಾರ ಮಾಡುವವರಿಗೆ ಆ ಗೌರವ ಸಲ್ಲದು.

ಕಮಲಾಪುರದಲ್ಲಿ ಕೆಂಪು ಬಾಳೆ ನೆಡುವ ರೈತನು ಕಂದಿನ ಗೆಡ್ಡೆಯನ್ನು ತಿರುಗಿಸಿ ನೋಡದೆ ಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಕಾಯಬೇಕಾದ ಬೆಳೆ ಅದು ಎಂಬುದು ಅವನಿಗೆ ಗೊತ್ತು. ಅದೇ ಹೊಲವನ್ನು ಅಡವಿಟ್ಟು ಮಗುವಿನ ಆರು ವರ್ಷಗಳನ್ನು ಒಪ್ಪಿಸುವಾಗ ಮಾತ್ರ ನಾವು ಬಣ್ಣದ ಕರಪತ್ರವನ್ನು ನಂಬುವುದೇಕೆ?

ಆದುದರಿಂದ ಸಹಿ ಹಾಕುವ ಮೊದಲು ವಿಚಾರಿಸಿರಿ. ಅರ್ಹತಾ ಪರೀಕ್ಷೆಯಲ್ಲಿ ಯಾವ ವಿದೇಶಿ ಕಾಲೇಜಿನವರು ಎಷ್ಟು ಮಂದಿ ಉತ್ತೀರ್ಣರಾದರೆಂಬ ವಿವರವನ್ನು ಪರೀಕ್ಷಾ ಮಂಡಳಿಯೇ ಪ್ರಕಟಿಸಿದೆ. ಅದನ್ನು ತೆಗೆದು ಓದಿರಿ. ಆ ಕಾಲೇಜಿನ ಪದವೀಧರರಿಗೆ ಆ ದೇಶದಲ್ಲೇ ವೃತ್ತಿಯ ಪರವಾನಗಿ ಸಿಗುವುದೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿರಿ. ನಮ್ಮ ಮನೆಬಾಗಿಲಲ್ಲಿರುವ ಅವಕಾಶವನ್ನೂ ಕಡೆಗಣಿಸದಿರಿ. ಸಂವಿಧಾನದ 371(ಜೆ) ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟುಗಳು ಮೀಸಲಾಗಿವೆ. ಅದರ ಅರ್ಹತಾ ಪತ್ರವನ್ನು ನೀವು ಮಾಡಿಸಿದ್ದೀರಾ? ಇನ್ನೊಂದು ವರ್ಷ ಮನೆಯಲ್ಲಿದ್ದು ಓದುವುದಕ್ಕೆ ನಾಚಿಕೆಯೇಕೆ? ದಾದಿಯ, ಪ್ರಯೋಗಾಲಯ ತಂತ್ರಜ್ಞರ ಸೇವೆಯನ್ನು ಕೀಳೆಂದು ಹೇಳಿಕೊಟ್ಟವರು ಯಾರು?

ಕೊನೆಯದಾಗಿ ಮಗುವನ್ನೇ ಕೇಳಿರಿ. ವೈದ್ಯನಾಗುವ ಹಂಬಲ ಅವನದೋ, ನೆಂಟರ ಮುಂದೆ ತಲೆಯೆತ್ತಿ ನಡೆಯುವ ಆಸೆ ನಿಮ್ಮದೋ? ಇದಕ್ಕೆ ಪ್ರಾಮಾಣಿಕ ಉತ್ತರ ದೊರೆಯುವವರೆಗೆ ಹೊಲದ ಪತ್ರಗಳು ಪೆಟ್ಟಿಗೆಯಲ್ಲೇ ಇರಲಿ.